ಗೊತ್ತಿಲ್ಲ ಅನ್ನೋದನ್ನೂ ಪಾಠ ಮಾಡೋಣ

"ಜೀವ ಹೇಗೆ ಹುಟ್ಟಿತು ಅಂತ ವಿಜ್ಞಾನಿಗಳಿಗೇ ಗೊತ್ತಿಲ್ಲ, ಅಂದಮೇಲೆ ವಿಕಾಸವಾದ ಸುಳ್ಳು." ಬಳ್ಳಾರಿಯ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಈ ಮಾತು ಆಗಾಗ ಬರುತ್ತಲೇ ಇರುತ್ತದೆ. ಇದರಲ್ಲಿ ಮೊದಲರ್ಧ ನಿಜ, ಎರಡನೇ ಅರ್ಧ ತಪ್ಪು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವಳು. ತಪ್ಪು ಅರ್ಧಕ್ಕೆ ಉತ್ತರ ಕೊಡುವುದು ಸುಲಭ. ಆದರೆ ನಿಜವಾದ ಅರ್ಧವನ್ನು ನಾವು ಟೀಚರ್‌ಗಳೇ ಮಕ್ಕಳಿಂದ ಮುಚ್ಚಿಡುತ್ತೇವೆ. ನನಗೆ ಬೇಜಾರು ಅದಕ್ಕೆ.

ಇವು ಎರಡು ಬೇರೆ ಪ್ರಶ್ನೆಗಳು. ಮೊದಲ ಜೀವ ಹೇಗೆ ಬಂತು ಅನ್ನೋದು ಒಂದು. ಬಂದ ಜೀವ ಹೇಗೆ ಬದಲಾಗುತ್ತಾ ಹೋಯಿತು ಅನ್ನೋದು ಇನ್ನೊಂದು. ವಿಕಾಸ ಅಂದರೆ ಈ ಎರಡನೆಯದು. ಅದಕ್ಕೆ ಸಾಕ್ಷಿ ಬೇಕಾದರೆ ರಾಯಚೂರು ಕಡೆ ಹತ್ತಿ ಬೆಳೆಯುವ ಯಾರನ್ನಾದರೂ ಕೇಳಿ. ಬಿಟಿ ಹತ್ತಿಗೆ ನಮ್ಮ ದೇಶದಲ್ಲಿ ಒಪ್ಪಿಗೆ ಸಿಕ್ಕಿದ್ದು 2002ರಲ್ಲಿ. ಆ ಗಿಡ ಹುಳಕ್ಕೆ ವಿಷವಾಗುವ ಪ್ರೋಟೀನನ್ನು ತನ್ನೊಳಗೇ ಮಾಡುತ್ತದೆ. ಅದನ್ನು ತಿಂದ ಗುಲಾಬಿ ಕಾಯಿಕೊರಕ ಹುಳ ಸಾಯುತ್ತಿತ್ತು. ಎಲ್ಲೋ ಒಂದೊಂದು ಹುಳ ತಡೆದುಕೊಂಡು ಉಳಿಯಿತು. ಉಳಿದವುಗಳ ಸಂತಾನವೇ ಬೆಳೆಯಿತು. ಹತ್ತು ಹದಿನೈದು ವರ್ಷ ಆಗುವಷ್ಟರಲ್ಲಿ ಕಾಯಿ ಬಿಡಿಸಿದರೆ ಒಳಗೆ ಮತ್ತೆ ಅದೇ ಹುಳ. ಡಾರ್ವಿನ್ ಹೇಳಿದ್ದು ಇದನ್ನೇ ಅಲ್ವಾ? 2023ರಲ್ಲಿ ಎನ್‌ಸಿಇಆರ್‌ಟಿಯ ಹತ್ತನೇ ತರಗತಿ ಪುಸ್ತಕದಿಂದ ವಿಕಾಸದ ಭಾಗ ಹೋದಾಗ 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಬಹಿರಂಗ ಪತ್ರ ಬರೆದರು. ಸರಿಯಾಗಿಯೇ ಮಾಡಿದರು.

ಈಗ ಮೊದಲ ಪ್ರಶ್ನೆಗೆ ಬರೋಣ. 1950ರ ದಶಕದ ಶುರುವಿನಲ್ಲಿ ಶಿಕಾಗೊದಲ್ಲಿ ಸ್ಟಾನ್ಲಿ ಮಿಲ್ಲರ್ ಗಾಜಿನ ಬುರುಡೆಗಳಲ್ಲಿ ನೀರು, ಮೀಥೇನ್, ಅಮೋನಿಯಾ, ಹೈಡ್ರೋಜನ್ ಹಾಕಿ ವಿದ್ಯುತ್ ಕಿಡಿ ಹಾರಿಸಿದರು. ಕೆಲವೇ ದಿನಗಳಲ್ಲಿ ಅಮೈನೊ ಆಮ್ಲಗಳು, ಅಂದರೆ ಪ್ರೋಟೀನ್ ಕಟ್ಟುವ ಇಟ್ಟಿಗೆಗಳು, ಸಿಕ್ಕವು. ನಮ್ಮ ಪಾಠ ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತದೆ. ಮಕ್ಕಳು ಜೀವವನ್ನೇ ಮಾಡಿಬಿಟ್ಟರು ಅಂದುಕೊಳ್ಳುತ್ತಾರೆ. ಸಿಕ್ಕಿದ್ದು ಕಚ್ಚಾ ಸಾಮಾನು ಅಷ್ಟೇ. ಅದರಿಂದ ಜೀವಕೋಶ ಹೇಗಾಯಿತು ಅನ್ನೋದಕ್ಕೆ ಇವತ್ತಿಗೂ ಪೂರ್ತಿ ಉತ್ತರ ಇಲ್ಲ. ಡಿಎನ್‌ಎ ನಕಲಾಗಲು ಪ್ರೋಟೀನ್ ಬೇಕು, ಪ್ರೋಟೀನ್ ಆಗಲು ಡಿಎನ್‌ಎಯಲ್ಲಿರುವ ಮಾಹಿತಿ ಬೇಕು. ಬೀಜ ಮೊದಲಾ, ಮರ ಮೊದಲಾ ಅನ್ನುವ ಹಾಗೆ. ಡಿಎನ್‌ಎಯ ಹತ್ತಿರದ ನೆಂಟ ಆರ್‌ಎನ್‌ಎ, ಮಾಹಿತಿ ಇಟ್ಟುಕೊಳ್ಳುವುದು, ರಾಸಾಯನಿಕ ಕ್ರಿಯೆ ನಡೆಸುವುದು ಎರಡೂ ಕೆಲಸ ಮಾಡಬಲ್ಲದು ಅನ್ನುವ ದಾರಿ ತೋರಿಸಿದ್ದಕ್ಕೆ ಥಾಮಸ್ ಚೆಕ್, ಸಿಡ್ನಿ ಆಲ್ಟ್‌ಮನ್ ಅವರಿಗೆ 1989ರಲ್ಲಿ ನೊಬೆಲ್ ಬಂತು. ಆದರೆ ಆ ಆರ್‌ಎನ್‌ಎ ತಾನಾಗಿಯೇ ಹೇಗೆ ಕೂಡಿಕೊಂಡಿತು? ಅದು ಇನ್ನೂ ಬಗೆಹರಿದಿಲ್ಲ.

ಇನ್ನೊಂದು ಇದೆ. ಬಹುತೇಕ ಅಮೈನೊ ಆಮ್ಲಗಳು ನಮ್ಮ ಎರಡು ಕೈಗಳ ಹಾಗೆ, ಒಂದಕ್ಕೊಂದು ಕನ್ನಡಿಯ ಬಿಂಬದಂತೆ, ಎಡ, ಬಲ ಅಂತ ಎರಡು ರೂಪದಲ್ಲಿ ಇರುತ್ತವೆ. ಜೀವಿಗಳು ಪ್ರೋಟೀನ್ ಕಟ್ಟಲು ಎಡದ್ದನ್ನೇ ಬಳಸುತ್ತವೆ. ಯಾಕೆ? ಉಲ್ಕೆಗಳಿಂದ ಎಡದ್ದು ಜಾಸ್ತಿ ಬಂದಿರಬಹುದು ಅನ್ನುವ ಊಹೆ ಇತ್ತು. ಬೆನ್ನು ಅನ್ನುವ ಕ್ಷುದ್ರಗ್ರಹದಿಂದ ನಾಸಾ 2023ರಲ್ಲಿ ತಂದ ಮಣ್ಣಿನಲ್ಲಿ, ಜೀವಿಗಳು ಬಳಸುವ 20 ಅಮೈನೊ ಆಮ್ಲಗಳಲ್ಲಿ 14 ಸಿಕ್ಕವು. ಅಲ್ಲಿ ಎಡ, ಬಲ ಹೆಚ್ಚುಕಡಿಮೆ ಸಮ. ಹಾಗಾಗಿ ಆ ಊಹೆಯ ಬಲ ಕಡಿಮೆಯಾಯಿತು, ಪ್ರಶ್ನೆ ಹಾಗೇ ಉಳಿಯಿತು.

ಇಷ್ಟು ದೂರ ಕೂಡ ಹೋಗಬೇಕಿಲ್ಲ. ಸಂಡೂರಿನ ಬೆಟ್ಟಗಳಲ್ಲಿ ಪಟ್ಟೆ ಪಟ್ಟೆಯ ಕಲ್ಲು ಸಿಗುತ್ತದೆ. ಮೈನ್ಸ್‌ನವರು ಬಿಎಚ್‌ಕ್ಯೂ (ಬ್ಯಾಂಡೆಡ್ ಹೆಮಟೈಟ್ ಕ್ವಾರ್ಟ್‌ಜೈಟ್) ಅನ್ನುತ್ತಾರೆ. ಕಬ್ಬಿಣ ಕಮ್ಮಿ ಅಂತ ಅದಕ್ಕೆ ಅಷ್ಟು ಬೆಲೆ ಇಲ್ಲ. ನಾನು ಒಂದು ತುಂಡನ್ನು ತರಗತಿಗೆ ತಗೊಂಡು ಹೋಗುತ್ತೇನೆ. ನೋಡಿದ್ದಕ್ಕಿಂತ ಭಾರ. ಒಂದು ಪಟ್ಟೆ ಉಕ್ಕಿನ ಬಣ್ಣ, ಪಕ್ಕದ್ದು ಕೆಂಪು, ಮತ್ತೆ ಉಕ್ಕಿನ ಬಣ್ಣ. ಕೆಲವು ಬೆರಳು ದಪ್ಪ, ಕೆಲವು ಗೆರೆಯಷ್ಟೇ. ಟೈಲ್ಸ್‌ನ ಹಿಂಬದಿಗೆ ಉಜ್ಜಿದರೆ ಕಡುಗೆಂಪು ಗೆರೆ ಬೀಳುತ್ತದೆ. ಮಕ್ಕಳು ಸಾಲಾಗಿ ನಿಂತು ಉಜ್ಜುತ್ತಾರೆ.

ಈ ಕಲ್ಲು ಸಮುದ್ರದ ತಳದಲ್ಲಿ ಕೂತದ್ದು, ಸುಮಾರು 270 ಕೋಟಿ ವರ್ಷದ ಹಿಂದೆ. ಆಗ ಗಾಳಿಯಲ್ಲಿ ಆಮ್ಲಜನಕ ಇರಲಿಲ್ಲ ಅಂದರೂ ಸರಿಯೇ. ಅದು ಗಾಳಿಯಲ್ಲಿ ತುಂಬಲು ಶುರುವಾದದ್ದು ಸುಮಾರು 240 ಕೋಟಿ ವರ್ಷದ ಹಿಂದೆ. ಹಾಗಾದರೆ ಸಮುದ್ರದಲ್ಲಿ ಕರಗಿದ್ದ ಕಬ್ಬಿಣಕ್ಕೆ ತುಕ್ಕು ಹಿಡಿಸಿ ತಳಕ್ಕೆ ಇಳಿಸಿದ್ದು ಯಾರು? ಬಿಸಿಲಿನಿಂದ ಆಮ್ಲಜನಕ ಮಾಡುವ ಸೂಕ್ಷ್ಮಜೀವಿಗಳು ಅಷ್ಟು ಹೊತ್ತಿಗೇ ಇದ್ದವು ಅಂತ ಕೆಲವರು. ಅಲ್ಲ, ಆಮ್ಲಜನಕ ಇಲ್ಲದೆಯೇ ಬೆಳಕಿನ ಬಲದಿಂದ ಕಬ್ಬಿಣಕ್ಕೆ ತುಕ್ಕು ಹಿಡಿಸುವ ಬ್ಯಾಕ್ಟೀರಿಯಾ ಇವತ್ತೂ ಇವೆ, ಅವುಗಳದೇ ಕೆಲಸ ಅಂತ ಇನ್ನು ಕೆಲವರು. ಜೀವಿಗಳೇ ಬೇಡ, ಸೂರ್ಯನ ನೇರಳಾತೀತ ಕಿರಣ ಸಾಕು ಅನ್ನುವವರೂ ಇದ್ದಾರೆ. ಸಂಡೂರಿನ ಇದೇ ಶಿಲೆಗಳ ಸಾಲಿನಲ್ಲಿ ಸ್ಟ್ರೊಮಾಟೊಲೈಟ್ ಸಿಕ್ಕಿವೆ. ಅಂದರೆ ಸೂಕ್ಷ್ಮಜೀವಿಗಳು ಪದರ ಪದರವಾಗಿ ಕಟ್ಟಿದ ಕಲ್ಲು. ಹಾಗಾಗಿ ಆಗ ಇಲ್ಲಿ ಜೀವ ಇದ್ದದ್ದು ಖಚಿತ. ಅವು ಯಾವ ಬಗೆಯವು, ಏನು ಮಾಡುತ್ತಿದ್ದವು ಅನ್ನೋದರ ಬಗ್ಗೆ ಚರ್ಚೆ ನಡೆದೇ ಇದೆ.

ಇಂಥ ಪ್ರಶ್ನೆ ಲಾರಿಗಳಲ್ಲಿ ನಮ್ಮ ಮುಂದೆಯೇ ಹೋಗುತ್ತಿದೆ. ನಮ್ಮ ಮಕ್ಕಳಿಗೆ ಮಾತ್ರ ಅದಿರು ಅಂದರೆ ದುಡ್ಡು, ಧೂಳು ಅಂತಷ್ಟೇ ಗೊತ್ತು. "ಇದು ನಮಗಿನ್ನೂ ಗೊತ್ತಿಲ್ಲಪ್ಪಾ, ನೀನೇ ಕಂಡುಹಿಡಿ" ಅಂತ ಹೇಳಿದ ದಿನ ಹಿಂದಿನ ಬೆಂಚಿನ ಹುಡುಗರೂ ಪ್ರಶ್ನೆ ಕೇಳಿದ್ದನ್ನು ನಾನು ನೋಡಿದ್ದೇನೆ. ಗೊತ್ತಿಲ್ಲ ಅಂದರೆ ಮರ್ಯಾದೆ ಹೋಗುತ್ತದೆ ಅನ್ನುವ ಭಯ ಬಿಡೋಣ. ಗೊತ್ತಿಲ್ಲದ ಜಾಗಕ್ಕೆ ಸಿಕ್ಕಿದ ಕಥೆ ತುಂಬುವುದೂ ಬೇಡ.

ಸಂಡೂರು, ತೋರಣಗಲ್ಲು ಕಡೆ ಕೆಲಸ ಮಾಡುವ ಜಿಯಾಲಜಿಸ್ಟ್‌ಗಳು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಕೋರಿಕೆ. ನಿಮ್ಮ ಹತ್ತಿರದ ಸರ್ಕಾರಿ ಹೈಸ್ಕೂಲಿಗೆ ಒಂದು ಗಂಟೆ ಬನ್ನಿ, ಎರಡು ಮೂರು ಕಲ್ಲು ತನ್ನಿ. ಸ್ಟ್ರೊಮಾಟೊಲೈಟ್ ಇರುವ ಜಾಗ ಗೊತ್ತಿದ್ದರೆ ಅದರ ಫೋಟೊ ಸಾಕು, ಕಲ್ಲು ಒಡೆದು ತರಬೇಡಿ.