ಆರ್‌ಡಿ ನಂಬರ್ ಮತ್ತು ಎರಡು ಪುಟದ ಆತ್ಮಕಥೆ

ಮೊನ್ನೆ ಅಂಕೋಲೆಯಿಂದ ಅಣ್ಣನ ಮಗಳ ಫೋನ್. ಎಂಎಸ್‌ಡಬ್ಲ್ಯುಗೆ, ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿಗೆ, ಅರ್ಜಿ ಹಾಕುತ್ತಿದ್ದಾಳೆ. "ಅತ್ತೆ, ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಹೊಡೆದ್ರೆ ಅಪ್ಪನ ಹೆಸರು ಬೇರೆ ತರ ಬರ್ತದೆ. ಎಂತ ಮಾಡೂದು?" ಆರ್‌ಡಿ ನಂಬರ್ ಅಂದರೆ ನಾಡಕಚೇರಿ ಕೊಡುವ ಜಾತಿ, ಆದಾಯದ ಕಾಗದದ ಮೇಲಿನ ಸಂಖ್ಯೆ. ಷಿಕಾಗೊದಲ್ಲಿ ಕೂತವಳ ಹತ್ತಿರ ನಾಡಕಚೇರಿಯ ತೊಂದರೆಗೆ ಎಂತ ಮದ್ದಿರುತ್ತದೆ? ಆದರೂ ಕೇಳಿದಳು. ಮೂವತ್ತೊಂಬತ್ತನೇ ವಯಸ್ಸಿಗೆ ಅದೇ ಓದನ್ನು ಇಲ್ಲಿ ಮುಗಿಸಿದ ಅತ್ತೆ ಎಂಬ ಗೌರವ ಅವಳಿಗೆ.

ನಾನು ಅರ್ಜಿ ಹಾಕುವಾಗ ಜಾತಿ, ಆದಾಯದ ಕಾಗದ ಯಾರೂ ಕೇಳಲಿಲ್ಲ. ಬಿಕಾಂ ಓದಿದವಳು ಇಲ್ಲಿಗೆ ಯಾಕೆ ಬಂದೆ ಅಂತಲೂ ತಕರಾರಿಲ್ಲ, ಯಾವ ಪದವಿಯಾದರೂ ನಡೆಯುತ್ತದೆ. ಕೇಳಿದ್ದು ಮುಖ್ಯವಾಗಿ ಮೂರು: ಅಂಕಪಟ್ಟಿ, ಶಿಫಾರಸು ಪತ್ರ, ಮತ್ತೆ ನನ್ನ ಬಗ್ಗೆ ನಾನೇ ಬರೆದ ಎರಡು ಪುಟ.

ಶಿಫಾರಸು ಪತ್ರದ ಕಥೆ ಹೇಳಲೇಬೇಕು. ಊರಿನ ಕಾಲೇಜಿನ ಹಳೆ ಸರ್‌ಗೆ ಫೋನ್ ಮಾಡಿದೆ. "ಅಯ್ಯೋ ಅದಕ್ಕೇನು, ನೀನೇ ಬರೆದು ಕಳಿಸಮ್ಮ, ನಾನು ಸೈನ್ ಹಾಕ್ತೇನೆ" ಅಂದರು. ನಮ್ಮ ಕಡೆ ಪ್ರೀತಿ ತೋರಿಸುವ ಕ್ರಮವೇ ಅದು. ಇಲ್ಲಿ ಹಾಗೆ ಆಗುವುದಿಲ್ಲ. ಲಿಂಕ್ ನೇರ ಅವರ ಇಮೇಲಿಗೆ ಹೋಗುತ್ತದೆ. ಪತ್ರ ಓದುವ ಹಕ್ಕು ಬಿಟ್ಟುಕೊಡ್ತೀಯಾ ಅಂತ ನನ್ನನ್ನು ಕೇಳಿದ್ದರು. ಟಿಕ್ ಹಾಕಿದ್ದೆ. ಎರಡು ದಿನ ಬಿಟ್ಟು ಸರ್ ಗಾಬರಿಯಿಂದ ಫೋನ್ ಮಾಡಿದರು. "ಇದ್ರಲ್ಲಿ ನಿನ್ನ ಕೊರತೆ ಏನು ಅಂತ ಕೇಳಿದ್ದಾರಲ್ಲ, ಬರೀಬೇಕಾ?" ಬರೀರಿ ಸರ್ ಅಂದೆ. ಏನು ಬರೆದರೋ ಇವತ್ತಿಗೂ ಗೊತ್ತಿಲ್ಲ.

ಕಷ್ಟ ಆಗಿದ್ದು ಆ ಎರಡು ಪುಟ. ಈ ಕೆಲಸ ನಿನಗೆ ಯಾಕೆ ಬೇಕು, ನಿನ್ನ ಬದುಕಿನಲ್ಲಿ ಅನ್ಯಾಯ ಎಲ್ಲಿ ಕಂಡೆ, ಅದು ನಿನ್ನನ್ನು ಹೇಗೆ ಬದಲಿಸಿತು, ಇಂಥ ಪ್ರಶ್ನೆಗಳು. ಹತ್ತು ದಿನ ಸುಮ್ನೆ ಕೂತೆ. "ನಾನು ನಾನು" ಅಂತ ಎರಡು ಪುಟ ಬರೆಯಲು ನಮಗೆ ಯಾರು ಕಲಿಸಿದ್ದಾರೆ? ಶಾಲೆಯಲ್ಲಿ ಬರೆದಿದ್ದು ಆಕಳ ಮೇಲಿನ ಪ್ರಬಂಧ.

ಕೊನೆಗೆ ದೊಡ್ಡಮ್ಮನ ಕಥೆ ಬರೆದೆ. ಕಾರವಾರದ ಅರ್ಗಾ, ಚೆಂಡಿಯಾ ಕಡೆಯವರಿಗೆ ಸೀಬರ್ಡ್ ಅಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗೆ ಹೇಳುವುದಾದರೆ, ಅದು ನೌಕಾನೆಲೆಯ ಯೋಜನೆ. 1986ರಲ್ಲಿ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದ್ದು, 2005ರಲ್ಲಿ ಐಎನ್‌ಎಸ್ ಕದಂಬ ಆಗಿದ್ದು. ನಡುವೆ ಊರಿಗೆ ಊರೇ ಗಂಟುಮೂಟೆ ಕಟ್ಟಿತು. ದೊಡ್ಡಮ್ಮ ಮನೆ ಬಿಡುವಾಗ ಹಿತ್ತಲಿನ ಅಬ್ಬಲಿಗೆ ಗಿಡವನ್ನು ಬೇರು ಸಮೇತ ಕಿತ್ತು ಹಾಲಿನ ಕ್ಯಾನಿನಲ್ಲಿ ಇಟ್ಟುಕೊಂಡು ಹೋಗಿದ್ದಳು. ಪುನರ್ವಸತಿ ಕಾಲೊನಿಯ ಚಿರೆಕಲ್ಲು ನೆಲದಲ್ಲಿ ಅದು ಬದುಕಲಿಲ್ಲ. ಇದನ್ನು ಬರೆದೆ. ಸೀಟು ಸಿಕ್ಕಿತು. ಸಂದರ್ಶನ ಮಾಡಿದ ಪ್ರೊಫೆಸರ್ ಆ ಗಿಡದ ಮಾತು ಎತ್ತಿ ಕಣ್ಣು ಒರೆಸಿಕೊಂಡರು.

ಆವತ್ತು ರಾತ್ರಿ ಖುಷಿಯ ಜೊತೆ ಏನೋ ಕಸಿವಿಸಿ. ಗಿಡ ಸತ್ತಿದ್ದು ದೊಡ್ಡಮ್ಮನದು, ಸೀಟು ಸಿಕ್ಕಿದ್ದು ನನಗೆ. ಅವಳನ್ನು ಒಂದು ಮಾತು ಕೇಳಿಯೂ ಇರಲಿಲ್ಲ.

ಆದರೆ ಇಲ್ಲಿಯವರು ಇಷ್ಟು ಸೋಸಲು ಕಾರಣ ಇದೆ, ಅದನ್ನು ಒಪ್ಪುತ್ತೇನೆ. ಸಿಎಸ್‌ಡಬ್ಲ್ಯುಇ ಎಂಬ ಸಂಸ್ಥೆ ಸಮಾಜಕಾರ್ಯದ ಕೋರ್ಸುಗಳಿಗೆ ಮಾನ್ಯತೆ ಕೊಡುತ್ತದೆ. ಎಂಎಸ್‌ಡಬ್ಲ್ಯು ಮುಗಿಸಲು ಕನಿಷ್ಠ 900 ಗಂಟೆ ಕ್ಷೇತ್ರಕಾರ್ಯ ಬೇಕು. ಆಮೇಲೆ ರಾಜ್ಯದ ಲೈಸೆನ್ಸ್. ಮುರಿದ ಮನೆಯೊಳಗೆ, ಆಸ್ಪತ್ರೆಯ ಮಂಚದ ಪಕ್ಕ ಹೋಗಿ ಕೂರುವವರು ಯಾರು ಅಂತ ಮೊದಲೇ ನೋಡಿಕೊಳ್ಳುತ್ತಾರೆ. ನಮ್ಮಲ್ಲಿ ವಕೀಲರಿಗೆ ಬಾರ್ ಕೌನ್ಸಿಲ್ ಇದೆ, ನರ್ಸ್‌ಗಳಿಗೂ ಕೌನ್ಸಿಲ್ ಇದೆ. ಸಮಾಜಕಾರ್ಯಕ್ಕೆ ಅಂತಲೇ ಕಾನೂನಿನ ಅಂಥ ಪ್ರತ್ಯೇಕ ಮಂಡಳಿ ಇಲ್ಲ. 1936ರಲ್ಲೇ ಕ್ಲಿಫರ್ಡ್ ಮ್ಯಾನ್‌ಶಾರ್ಟ್ ಎಂಬ ಅಮೆರಿಕದವನ ಮುಂದಾಳತ್ವದಲ್ಲಿ ಮುಂಬೈಯಲ್ಲಿ ಟಾಟಾದವರ ಸಮಾಜಕಾರ್ಯ ಶಾಲೆ ಶುರುವಾಯಿತು. ಅಲ್ಲಿಂದ ಇಲ್ಲಿಯವರೆಗೆ ಇಷ್ಟು ವರ್ಷ ಆದರೂ ಇಲ್ಲ.

ಈಗ ನಮ್ಮ ಹುಡುಗಿಯ ವಿಷಯ. 2024ರ ಜುಲೈ 16ರಂದು ಅಂಕೋಲೆ ತಾಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿ ಮೇಲೆ ಬಿತ್ತಲ್ಲ, ಮಣ್ಣು ಗಂಗಾವಳಿ ನದಿಗೆ ನುಗ್ಗಿ ಆಚೆ ದಡದ ಉಳುವರೆ ಊರಿಗೆ ನೀರು ಅಪ್ಪಳಿಸಿ ಮನೆಗಳು ಹೋದವು. ಇವಳು ಕಾಲೇಜಿನ ಗೆಳತಿಯರ ಜೊತೆ ಅಲ್ಲಿಯವರಿಗೆ ಫಾರ್ಮ್ ತುಂಬಿ ಕೊಡಲು ಹೋಗಿದ್ದಳು. ಒಬ್ಬ ಅಜ್ಜಿಯ ರೇಶನ್ ಕಾರ್ಡ್ ನೆಂದು ಮುದ್ದೆಯಾಗಿತ್ತು. ಹೊರಗೆ ಬಿಡದ ಮಳೆ. ಎಲ್ಲಿ ಒಣಗಿಸುವುದು? ಗಂಜಿ ಬೇಯುತ್ತಿದ್ದ ದೊಡ್ಡ ಪಾತ್ರೆಯ ಮುಚ್ಚಳದ ಮೇಲೆ ಬಟ್ಟೆ ಹಾಸಿ, ಕಾರ್ಡ್ ಹರವಿ, ಅಕ್ಷರ ಕಾಣುವವರೆಗೆ ಪಕ್ಕದಲ್ಲೇ ಕೂತಿದ್ದಳಂತೆ. ಆವಿ ಜಾಸ್ತಿ ಆದಾಗ ಎತ್ತುವುದು, ಮತ್ತೆ ಇಡುವುದು. ಅಷ್ಟು ಹೊತ್ತೂ ಅಜ್ಜಿ ಮಾತಾಡುತ್ತಲೇ ಇದ್ದರಂತೆ, ಇವಳು ಹೂಂ ಅನ್ನುತ್ತಲೇ ಇದ್ದಳಂತೆ.

ಆ ಹೂಂ ಅನ್ನುವುದನ್ನು ಕಲಿಯಲು ನನಗೆ ಇಲ್ಲಿ ಒಂದು ಸೆಮಿಸ್ಟರ್ ಬೇಕಾಯಿತು. ಅವಳ ಅರ್ಜಿಯಲ್ಲಿ ಅದನ್ನು ಕೇಳುವವರೇ ಇಲ್ಲ.

ಹಾಗಾದರೆ ನಮ್ಮಲ್ಲೂ ಪ್ರಬಂಧ ನೋಡಿ ಸೀಟು ಕೊಡಲಿ ಅಂತೀಯಾ ಅಂದರೆ, ಬೇಡ. ಇಲ್ಲಿ ಪ್ರಬಂಧ ತಿದ್ದಿ ಕೊಡಲು ದುಡ್ಡು ತೆಗೆದುಕೊಳ್ಳುವವರಿದ್ದಾರೆ. ಓದುವವರ ಕಣ್ಣಲ್ಲಿ ಚೆನ್ನಾಗಿ ನೀರು ತರಿಸಿದವರು ಗೆಲ್ಲುತ್ತಾರೆ. ಊರಲ್ಲಿ ಇದು ಬಂದರೆ ಮೊದಲು ಪೆಟ್ಟು ಬೀಳುವುದು ಜೋಯಿಡಾದ ಕಾಡಂಚಿನ ಮಕ್ಕಳಿಗೆ, ಯಲ್ಲಾಪುರದ ಸಿದ್ದಿ ಹುಡುಗ ಹುಡುಗಿಯರಿಗೆ. ಸಂದರ್ಶನ ಇಟ್ಟರೆ "ಯಾರ ಪೈಕಿ" ಅನ್ನುವ ಪ್ರಶ್ನೆ ಹಿಂದೆಯೇ ಬರುತ್ತದೆ, ಅಲ್ವಾ? ಅಂಕ ಮತ್ತು ಮೀಸಲಾತಿಗೆ ಮುಖದಾಕ್ಷಿಣ್ಯ ಇಲ್ಲ. ಆರ್‌ಡಿ ನಂಬರಿಗೆ ಹಿಡಿಶಾಪ ಹಾಕುತ್ತೇವೆ, ಆದರೆ ಅದು ಯಾರ ಕಣ್ಣೀರನ್ನೂ ಕೇಳುವುದಿಲ್ಲ.

ನಾನು ಹೇಳುವುದು ಇಷ್ಟೇ. ಸೀಟು ಅಂಕದ ಮೇಲೇ ಕೊಡಲಿ. ಸೀಟು ಸಿಕ್ಕ ಮೇಲೆ ಒಂದು ಪುಟ ಬರೆಸಲಿ, ಕನ್ನಡದಲ್ಲಿ, ತಪ್ಪಿದ್ದರೂ ಪರವಾಗಿಲ್ಲ. ಅದನ್ನು ಕ್ಷೇತ್ರಕಾರ್ಯದ ಮೇಷ್ಟ್ರು ಓದಲಿ. ವಾರಕ್ಕೆ ಎರಡು ದಿನ ಯಾರನ್ನು ಎಲ್ಲಿಗೆ ಕಳಿಸಬೇಕು ಅನ್ನುವುದು ಆಗ ಗೊತ್ತಾಗುತ್ತದೆ. ಈಗ ಎಷ್ಟೋ ಕಡೆ ಹಾಜರಿ ಪಟ್ಟಿಯ ಕ್ರಮದಲ್ಲೇ ಹಂಚಿಬಿಡುತ್ತಾರೆ ಅಂತ ಓದಿ ಬಂದವರು ಹೇಳುತ್ತಾರೆ.

ಇದನ್ನೆಲ್ಲ ಫೋನಿನಲ್ಲಿ ಉದ್ದಕ್ಕೆ ಹೇಳಿದೆ. ಹುಡುಗಿ ಹೂಂ ಹೂಂ ಅಂದಳು. ಮರುದಿನ ವಾಟ್ಸಾಪಿನಲ್ಲಿ ಒಂದು ಫೋಟೊ ಬಂತು. ನೋಟ್‌ಬುಕ್ಕಿನ ಹಾಳೆ, ಮುಕ್ಕಾಲು ಪುಟ ಕನ್ನಡ. ರೇಶನ್ ಕಾರ್ಡಿನದೇ ಕಥೆ. ಅಜ್ಜಿಯ ಹೆಸರು ಇರಬೇಕಾದಲ್ಲಿ ಗೆರೆ ಎಳೆದು ಬಿಟ್ಟಿದ್ದಳು. "ಅವರನ್ನ ಕೇಳಿ ಆಮೇಲೆ ಹಾಕ್ತೆ" ಅಂತ ಕೆಳಗೆ ಬರೆದಿತ್ತು.

ಅದರ ಹಿಂದೆಯೇ ಇನ್ನೊಂದು ಮೆಸೇಜ್: ನಾಡಕಚೇರಿಯಲ್ಲಿ ಇವತ್ತು ಸರ್ವರ್ ಡೌನ್, ನಾಳೆ ಬಾ ಅಂದ್ರು.