ಸ್ಟ್ಯಾಟಿಕ್ ಐಪಿ ಇಲ್ಲದೆಯೂ ಮನೆಯಲ್ಲಿ ವೆಬ್ ಸರ್ವರ್ ನಡೆಸಬಹುದು: ಒಂದು ಸ್ಪಷ್ಟನೆ

ಹಾಸನದ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮಾತು ಓಡಾಡುತ್ತಿದೆ: 'ಸ್ಟ್ಯಾಟಿಕ್ ಐಪಿ (ಬದಲಾಗದ ಇಂಟರ್ನೆಟ್ ವಿಳಾಸ) ಕೊಳ್ಳದೆ ಮನೆಯ ಫೈಬರ್ ಲೈನಿನಲ್ಲಿ ಸ್ವಂತ ವೆಬ್‌ಸೈಟ್ ನಡೆಸಲು ಆಗುವುದೇ ಇಲ್ಲ.' ಇದು ಸರಿಯಲ್ಲ. ಕಲಿಯುವ ಆಸೆ ಇರುವ ಮಕ್ಕಳು ಇದನ್ನು ನಂಬಿ ಕೈಬಿಡಬಾರದು.

ಐಪಿ ವಿಳಾಸ ಬದಲಾಗುವುದು ದೊಡ್ಡ ತೊಡಕಲ್ಲ. ಡೈನಾಮಿಕ್ ಡಿಎನ್‌ಎಸ್ (ಸೈಟಿನ ಹೆಸರನ್ನು ಈಗಿನ ವಿಳಾಸಕ್ಕೆ ಜೋಡಿಸುವ ಸೇವೆ) ಹಾಕಿಕೊಂಡರೆ ಸರ್ವರ್ ತನ್ನ ಹೊಸ ವಿಳಾಸವನ್ನು ಅದಕ್ಕೆ ತಾನೇ ತಿಳಿಸುತ್ತದೆ. ಸೈಟಿನ ಹೆಸರು ಹಾಗೇ ಇರುತ್ತದೆ.

ನಿಜವಾದ ತೊಡಕು ಸಿಜಿನ್ಯಾಟ್. ಐಪಿವಿ4 (ಹಳೆಯ ಬಗೆಯ ಐಪಿ) ವಿಳಾಸಗಳು ಸಾಲದ್ದಕ್ಕೆ ಇಂಟರ್ನೆಟ್ ಕಂಪನಿಗಳು ಒಂದೇ ಸಾರ್ವಜನಿಕ ವಿಳಾಸವನ್ನು ಹಲವು ಮನೆಗಳಿಗೆ ಹಂಚುತ್ತವೆ, ಇದೇ ಸಿಜಿನ್ಯಾಟ್. ಬಾಗಿಲು ಕಂಪನಿಯ ಕಡೆ ಇರುವಾಗ ನಿಮ್ಮ ರೂಟರಿನಲ್ಲಿ ಪೋರ್ಟ್ ಫಾರ್ವರ್ಡ್ (ಹೊರಗಿನಿಂದ ಬರುವವರನ್ನು ಸರ್ವರಿಗೆ ಕಳಿಸುವ ದಾರಿ) ಮಾಡಿ ಏನು ಪ್ರಯೋಜನ, ಅಲ್ವಾ? ಗುರುತಿಸುವುದು ಸುಲಭ. ರೂಟರ್ ತೋರಿಸುವ ವ್ಯಾನ್ ಐಪಿ (ರೂಟರಿನ ಹೊರಗಿನ ಕಡೆಯ ವಿಳಾಸ) 100.64ರಿಂದ 100.127ರ ಒಳಗೆ ಶುರುವಾದರೆ ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ. ಕೆಲವು ಕಡೆ 10ರಿಂದ ಶುರುವಾಗುವ ವಿಳಾಸವೂ ಕಾಣುತ್ತದೆ.

ಆಗಲೂ ದಾರಿ ಇದೆ. ಲೈನಿನಲ್ಲಿ ಐಪಿವಿ6 (ಸರ್ವರಿಗೇ ಸ್ವಂತ ಸಾರ್ವಜನಿಕ ವಿಳಾಸ ಸಿಗುವ ಹೊಸ ಬಗೆಯ ಐಪಿ) ಬರುತ್ತಿದ್ದರೆ ಫೈರ್‌ವಾಲಿನಲ್ಲಿ ವೆಬ್ ಸೈಟಿಗೆ (https) ಬೇಕಾದ 443 ಪೋರ್ಟ್ ಮಾತ್ರ ತೆರೆಯಿರಿ. ಐಪಿವಿ6 ಇಲ್ಲದವರಿಗೆ ಮಾತ್ರ ಸೈಟ್ ಕಾಣದು. ಎಲ್ಲರಿಗೂ ಕಾಣಬೇಕಾದರೆ ಕ್ಲೌಡ್‌ಫ್ಲೇರ್ ಟನೆಲ್‌ನಂಥದ್ದು ಒಳ್ಳೆಯದು. ಸರ್ವರ್ ಒಳಗಿನಿಂದ ತಾನೇ ಹೊರಗಿನ ಆ ಸೇವೆಗೆ ಸಂಪರ್ಕ ಮಾಡುತ್ತದೆ, ಸೈಟ್ ನೋಡುವವರು ಅದರ ಮೂಲಕ ಬರುತ್ತಾರೆ, ಪೋರ್ಟ್ ತೆರೆಯುವುದೇ ಬೇಡ.

ಕೆಲವು ಮನೆ ಪ್ಲಾನ್‌ಗಳ ಷರತ್ತಿನಲ್ಲಿ ಸರ್ವರ್‌ಗೆ ಅವಕಾಶವಿಲ್ಲ, ಮೊದಲು ಓದಿ. ಸಕಲೇಶಪುರದ ಕಡೆಯವರು ಮಳೆಗಾಲಕ್ಕೆ ಯುಪಿಎಸ್ ಇಡಿ, ಅದೂ ರೂಟರ್, ಫೈಬರ್ ಪೆಟ್ಟಿಗೆ, ಸರ್ವರ್ ಮೂರಕ್ಕೂ.