ಓಡಿದರೆ ಪುಕ್ಕಟೆ, ಮಲಗಿದರೆ ಪರ್ಮಿಟ್

ಅಮೆರಿಕದ ಅರಿಝೋನಾದಲ್ಲಿರುವ ಗ್ರ್ಯಾಂಡ್ ಕ್ಯಾನಿಯನ್ ಎಂಬ ಆಳದ ಕಣಿವೆಗೆ ಇಳಿದು, ಬಿಸಿಲಿಗೆ ತಲೆ ಸುತ್ತಿ ಬೀಳುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಇಳಿದು ಸುಮ್ನೆ ಮಲಗುವುದಕ್ಕೆ ಮಾತ್ರ ಪರ್ಮಿಟ್ ಬೇಕು.

ತಮಾಷೆ ಅಲ್ಲ, ನಿಯಮ ಇರುವುದೇ ಹಾಗೆ. ದಕ್ಷಿಣದ ಅಂಚಿನಿಂದ ಬ್ರೈಟ್ ಏಂಜಲ್ ದಾರಿ ಹಿಡಿದು ತಳದ ಕ್ಯಾಂಪಿಗೆ ಹೋಗಲು ಸುಮಾರು 15 ಕಿಲೋಮೀಟರ್. ಇಳಿಯುವುದು 1,300 ಮೀಟರಿಗೂ ಜಾಸ್ತಿ. ಅಷ್ಟನ್ನೂ ಇಳಿದು ಅದೇ ದಿನ ಹತ್ತಿ ಬರುತ್ತೇನೆ ಅನ್ನುವವನಿಗೆ ಪರ್ಮಿಟ್ ಬೇಡ. ಒಂದು ಅಂಚಿನಿಂದ ಇನ್ನೊಂದು ಅಂಚಿಗೆ 38 ಕಿಲೋಮೀಟರ್ ಒಂದೇ ಉಸಿರಿಗೆ ಓಡುತ್ತೇನೆ ಅಂದರೂ ಬೇಡ. ಹನ್ನೆರಡೋ ಇನ್ನೂ ಹೆಚ್ಚೋ ಜನರನ್ನು ಕಟ್ಟಿಕೊಂಡು ಓಡಿದರೆ ಮಾತ್ರ ಕಾಗದ ಕೇಳುತ್ತಾರೆ. ಅಂದರೆ ಒಂಟಿಯಾಗಿ ಸುಸ್ತಾಗಿ ಬೀಳಬಹುದು, ಸಂಘ ಕಟ್ಟಿಕೊಂಡು ಬೀಳಬಾರದು.

ಹಾಗಂತ ಪಾರ್ಕಿನವರಿಗೆ ಅಪಾಯ ಗೊತ್ತಿಲ್ಲ ಅಂತಲ್ಲ. ಬೇಸಿಗೆಯಲ್ಲಿ, ಕೊಲೊರಾಡೊ ನದಿ ಹರಿಯುವ ತಳದ ಬಿಸಿಲು 43 ಡಿಗ್ರಿ ದಾಟುತ್ತದೆ. ‘ನದಿವರೆಗೆ ಹೋಗಿ ಒಂದೇ ದಿನದಲ್ಲಿ ವಾಪಸ್ ಬರಲು ನೋಡಬೇಡಿ’ ಎಂದು ದೊಡ್ಡ ಬೋರ್ಡೇ ಹಾಕಿದ್ದಾರೆ. ಆ ಬೋರ್ಡನ್ನು ಓದಿ, ಅರ್ಥ ಮಾಡಿಕೊಂಡು, ‘ಸರಿ ಸ್ವಾಮಿ, ನಡುವೆ ಒಂದು ರಾತ್ರಿ ಮಲಗಿ ನಿಧಾನಕ್ಕೆ ಬರುತ್ತೇನೆ’ ಅನ್ನುವ ಬುದ್ಧಿವಂತನ ಕಷ್ಟ ಶುರುವಾಗುವುದೇ ಅಲ್ಲಿಂದ.

ದಾರಿ ಶುರುವಾಗುವ ಕಡೆ ಸ್ವಯಂಸೇವಕರು ನಿಂತಿರುತ್ತಾರೆ. ನಮ್ಮ ಹುಡುಗನೊಬ್ಬ ಸ್ಯಾನ್ ಹೊಸೆಯಿಂದ ಬಂದವನು, ಹಿಂದಿನ ರಾತ್ರಿ ಲಾಸ್ ವೇಗಸ್‌ನಲ್ಲಿ ಎಚ್ಚರವಿದ್ದವನು, ಕೈಯಲ್ಲಿ ಅರ್ಧ ಲೀಟರ್ ಬಾಟಲಿ ಹಿಡಿದು ಬರುತ್ತಾನೆ ಎಂದುಕೊಳ್ಳಿ.

“ಎಲ್ಲಿವರೆಗೆ ಹೋಗ್ತೀರಿ?”

“ನದಿವರೆಗೆ.”

“ನೀರು?”

ಬಾಟಲಿ ಎತ್ತಿ ತೋರಿಸುತ್ತಾನೆ. ಅವರು ಬುದ್ಧಿ ಹೇಳಬಹುದು, ತಡೆದು ನಿಲ್ಲಿಸುವ ಹಾಗಿಲ್ಲ. ಅವನು ಸೆಲ್ಫಿ ತೆಗೆದುಕೊಂಡು ಇಳಿಯುತ್ತಾನೆ. ಅವನ ಹಿಂದೆ ಟೆಂಟು, ಒಲೆ, ನಕ್ಷೆ, ಔಷಧಿ ಡಬ್ಬಿ, ಮೂರು ಹೊತ್ತಿನ ಊಟ ಹೊತ್ತವನು ಬರುತ್ತಾನಲ್ಲ, ಕೆಳಗೆ ಹೋದಾಗ ರೇಂಜರ್ ಕಾಗದ ಕೇಳುವುದು ಅವನನ್ನು.

ನ್ಯಾಯವಾಗಿ ಹೇಳಬೇಕೆಂದರೆ ಇದಕ್ಕೆ ಕಾರಣ ಇದೆ. ತಳದಲ್ಲಿ ಟೆಂಟ್ ಹಾಕುವ ಜಾಗ ಕಡಿಮೆ, ಮರುಭೂಮಿಯ ಮಣ್ಣು ಒಮ್ಮೆ ಕೆಟ್ಟರೆ ಬೇಗ ಸರಿಹೋಗುವುದಿಲ್ಲ. ಹಾಸಿಗೆ ಎಣಿಸಬಹುದು, ಓಡುವ ಕಾಲು ಎಣಿಸುವುದು ಕಷ್ಟ. ಅದಕ್ಕೇ ಹಾಸಿಗೆಗೆ ಕಾಗದ.

ಈ ಕಾಗದ ಪಡೆಯುವುದಿದೆಯಲ್ಲ, ಅದರ ಮುಂದೆ ಹತ್ತುವುದೇ ಸುಲಭ. ತೀರಾ ಈಚಿನವರೆಗೆ ಅರ್ಜಿಯನ್ನು ಫ್ಯಾಕ್ಸ್ ಮಾಡಬೇಕಿತ್ತು. ಇಲ್ಲವೇ ಅಂಚೆಗೆ ಹಾಕಬೇಕು, ಇಲ್ಲವೇ ಖುದ್ದು ಹೋಗಿ ನಿಲ್ಲಬೇಕು. ಜಗತ್ತಿಗೇ ಇಂಟರ್ನೆಟ್ ಹಂಚಿದ ದೇಶದಲ್ಲಿ, ಸಾಫ್ಟ್‌ವೇರ್ ಬರೆಯುವ ಜನ ಫ್ಯಾಕ್ಸ್ ಮಷೀನು ಎಲ್ಲಿ ಸಿಗುತ್ತೆ ಅಂತ ಊರೆಲ್ಲ ಹುಡುಕುತ್ತಿದ್ದರು.

ಈಗ ಎಲ್ಲ ಆನ್‌ಲೈನ್. ತಿಂಗಳುಗಳ ಮೊದಲೇ ಲಾಟರಿಗೆ ಹೆಸರು ಕೊಡಬೇಕು. ಗೆದ್ದಿರಿ ಅಂತ ಇಮೇಲ್ ಬರುತ್ತದೆ. ಏನು ಗೆದ್ದಿರಿ? ಪರ್ಮಿಟ್ ಅಲ್ಲ. ಇಂಥ ದಿನ, ಇಂಥ ಗಂಟೆಗೆ ಬಂದು ಬುಕ್ ಮಾಡಲು ಪ್ರಯತ್ನಿಸಬಹುದು ಎಂಬ ಅವಕಾಶ. ತಿರುಪತಿಯಲ್ಲಿ ದರ್ಶನದ ಟೋಕನ್ ಪಡೆಯಲು ಟೋಕನ್ ಕೊಟ್ಟ ಹಾಗೆ. ನಿಮ್ಮ ಗಂಟೆ ಬರುವಷ್ಟರಲ್ಲಿ ಮುಂದಿನವರು ಒಳ್ಳೆಯ ಜಾಗಗಳನ್ನೆಲ್ಲ ಗುಡಿಸಿರಬಹುದು. ಅಂದಹಾಗೆ ಒಳಗೆ ದೇವರೂ ಇದ್ದಾರೆ. 1880ರ ದಶಕದಲ್ಲಿ ಕ್ಲಾರೆನ್ಸ್ ಡಟನ್ ಎಂಬ ಭೂವಿಜ್ಞಾನಿ ಅಲ್ಲಿನ ಕಲ್ಲಿನ ಶಿಖರಗಳಿಗೆ ವಿಷ್ಣು ದೇವಾಲಯ, ಶಿವ ದೇವಾಲಯ ಅಂತ ಹೆಸರಿಟ್ಟ. ಆಮೇಲೆ ಬ್ರಹ್ಮ, ರಾಮ, ಕೃಷ್ಣರೂ ಬಂದು ಕೂತರು. ಪೂಜಾರಿ ಇಲ್ಲ, ಪ್ರಸಾದ ಇಲ್ಲ, ಕ್ಯೂ ಮಾತ್ರ ಇದೆ.

ಟೆಂಟ್ ಬೇಡ, ಮಂಚ ಬೇಕು ಅಂದರೆ 1922ರಲ್ಲಿ ಕಟ್ಟಿದ ಫ್ಯಾಂಟಮ್ ರಾಂಚ್ ಇದೆ. ಅದಕ್ಕೂ ಲಾಟರಿ, 15 ತಿಂಗಳು ಮೊದಲು. ಮುಂದಿನ ವರ್ಷದ ಪಂಚಾಂಗ ಅಚ್ಚಾಗುವ ಮೊದಲೇ ನಿಮ್ಮ ಮೊಣಕಾಲು ಯಾವ ರಾತ್ರಿ ಗಟ್ಟಿಯಾಗಿರುತ್ತೆ ಅಂತ ಹೇಳಬೇಕು. ನಡೆಯಲಾರೆ, ಹೇಸರಗತ್ತೆ ಮೇಲೆ ಹೋಗುತ್ತೇನೆ ಅಂದರೆ ಬಟ್ಟೆ ಬೂಟು ಸೇರಿ 90 ಕೆಜಿ ಮೀರಬಾರದು. ತೂಕದ ಯಂತ್ರದ ಮುಂದೆ ಲಾಟರಿ ಗೆದ್ದವನ ಅದೃಷ್ಟವೂ ನಡೆಯುವುದಿಲ್ಲ.

ನದಿಯಲ್ಲಿ ಸ್ವಂತ ದೋಣಿ ಹಾಕುವವರ ಕಥೆ ಇನ್ನೂ ಚೆನ್ನ. 2006ರ ಹೊಸ ಯೋಜನೆ ಬರುವ ಮೊದಲು ಅಲ್ಲಿ ಕಾಯುವವರ ಪಟ್ಟಿ ಇತ್ತು. ಹೊಸದಾಗಿ ಹೆಸರು ಬರೆಸಿದವನ ಸರದಿ ಬರಲು ಇಪ್ಪತ್ತು ವರ್ಷಕ್ಕೂ ಜಾಸ್ತಿ ಹಿಡಿಯಬಹುದು ಅನ್ನುವ ಸ್ಥಿತಿ. ಹುಟ್ಟಿದ ಮಗಳು ಬಿ.ಇ. ಮುಗಿಸುವ ಹೊತ್ತಿಗೆ ಅಪ್ಪನಿಗೆ ಹುಟ್ಟು ಹಾಕುವ ಯೋಗ. ಈಗ ಅದಕ್ಕೂ ಲಾಟರಿ ಬಂದಿದೆ. ಗೆದ್ದು ನೀರಿಗಿಳಿದರೆ ಅಲ್ಲೊಂದು ನಿಯಮ ಕಾದಿರುತ್ತದೆ: ಮೂತ್ರವನ್ನು ದಡದಲ್ಲಿ ಮಾಡಬಾರದು, ನದಿಗೇ ಮಾಡಬೇಕು. ದಡದ ಮರಳಲ್ಲಿ ಮಾಡಿದರೆ ವಾಸನೆ ನಿಲ್ಲುತ್ತದೆ, ನದಿಯಲ್ಲಾದರೆ ಕೊಚ್ಚಿಹೋಗುತ್ತದೆ ಅನ್ನುವ ಲೆಕ್ಕ. ಕಾವೇರಿಗೆ ಬಾಗಿನ ಕೊಟ್ಟು ಬೆಳೆದವರು ಅಲ್ಲಿ ಕಣ್ಣು ಮುಚ್ಚಿಕೊಂಡು ಕಾನೂನು ಪಾಲಿಸಬೇಕು.

ಬ್ರೈಟ್ ಏಂಜಲ್ ದಾರಿಯ ನಡುವೆ ಹಸಿರಾದ ಒಂದು ಜಾಗ ಇದೆ. ಆ ಕಣಿವೆಯ ಮೂಲನಿವಾಸಿಗಳಾದ ಹವಸುಪೈ ಜನ ಅಲ್ಲಿ ಬೆಳೆ ಬೆಳೆದುಕೊಂಡು ಬದುಕಿದ್ದರು. 1919ರಲ್ಲಿ ರಾಷ್ಟ್ರೀಯ ಉದ್ಯಾನ ಆಯಿತು, 1928ರಲ್ಲಿ ಅವರಲ್ಲಿ ಕೊನೆಯವರನ್ನೂ ಅಲ್ಲಿಂದ ಎಬ್ಬಿಸಿದರು. ಎಬ್ಬಿಸುವಾಗ ಯಾರೂ ಲಾಟರಿ ಎತ್ತಲಿಲ್ಲ. 2022ರಲ್ಲಿ ಆ ಜಾಗಕ್ಕೆ ಹವಸುಪೈ ಗಾರ್ಡನ್ಸ್ ಅಂತ ಅವರ ಹೆಸರನ್ನೇ ಇಟ್ಟರು. ಜಾಗ ಮಾತ್ರ ಪಾರ್ಕಿನದ್ದೇ.

ಆ ಜನರ ಸ್ವಂತ ಊರು ಸುಪೈ ಪಕ್ಕದ ಕಣಿವೆಯಲ್ಲಿದೆ. ಊರಿಗೆ ಅಂಚೆ ಹೋಗುವುದು ಇವತ್ತಿಗೂ ಹೇಸರಗತ್ತೆ ಮೇಲೆ. ಅಲ್ಲಿನ ಜಲಪಾತ ನೋಡಲು ಅವರೂ ಪರ್ಮಿಟ್ ಕೇಳುತ್ತಾರೆ, ಆದರೆ ಲೆಕ್ಕ ಪೂರ್ತಿ ಉಲ್ಟಾ. ಬೆಳಿಗ್ಗೆ ಇಳಿದು ಸಂಜೆ ಹತ್ತುವವರಿಗೆ ಪ್ರವೇಶವೇ ಇಲ್ಲ. ಕ್ಯಾಂಪಿಗೆ ಬುಕ್ ಮಾಡಿದವರು ಮೂರು ರಾತ್ರಿಗೇ ಮಾಡಬೇಕು.